ಕಾಸ್ಪರ್ ವೋಲ್ಫ್ ಬರೆದ ಆಲ್ಪ್ಸ್ ಎಷ್ಟು ನಿಜ? ನೋಡಿದವರು ದಯವಿಟ್ಟು ಹೇಳಿ

ಹೊಳೆಸಾಲು:

ಎಲ್ಲರಿಗೂ ನಮಸ್ಕಾರ.

ನಾನು ಜ್ಯೂರಿಕ್‌ನಲ್ಲಿ ಕಲಾ ಇತಿಹಾಸ ಓದುತ್ತಿದ್ದೇನೆ. ಸೆಮಿನಾರ್‌ಗೆ 18ನೇ ಶತಮಾನದ ಸ್ವಿಸ್ ಚಿತ್ರಕಾರ ಕಾಸ್ಪರ್ ವೋಲ್ಫ್‌ನನ್ನು ಆರಿಸಿಕೊಂಡಿದ್ದೇನೆ. ಒಂದೇ ಒಂದು ಚಿತ್ರದ ಸೆಳೆತ ಅದಕ್ಕೆ ಕಾರಣ. ಗ್ರಿಂಡೆಲ್‌ವಾಲ್ಡ್‌ನ ಕೆಳ ಹಿಮನದಿಯ ಮೇಲೆ ಸಿಡಿಲು ಹೊಡೆಯುತ್ತಿರುವ ಚಿತ್ರ. ಮೇಲೆ ಮಸಿ ಸುರಿದಂಥ ಆಕಾಶ, ಕೆಳಗೆ ಕೋರೆಹಲ್ಲುಗಳ ಹಾಗೆ ಎದ್ದು ನಿಂತ ಮಂಜುಗಡ್ಡೆ. ಪುಸ್ತಕದಲ್ಲಿ ಅಂಗೈಯಗಲ ಅಚ್ಚಾಗಿದ್ದನ್ನು ನೋಡಿದ್ದಕ್ಕೇ ಆ ರಾತ್ರಿ ನಿದ್ದೆ ಬರಲಿಲ್ಲ.

ತೊಂದರೆ ಏನೆಂದರೆ, ಓದುತ್ತಾ ಹೋದಂತೆ ಇಬ್ಬರು ವೋಲ್ಫ್‌ಗಳು ಎದುರಾಗುತ್ತಿದ್ದಾರೆ. ಒಬ್ಬ ಪ್ಯಾರಿಸ್‌ನಲ್ಲಿ ಲೂಥರ್‌ಬೂರ್ಗ್ ಎಂಬ ಚಿತ್ರಕಾರನ ಜೊತೆ ಪಳಗಿದವನು. ಆ ಲೂಥರ್‌ಬೂರ್ಗ್ ಮುಂದೆ ಲಂಡನ್‌ಗೆ ಹೋಗಿ ಡ್ರೂರಿ ಲೇನ್ ರಂಗಮಂದಿರಕ್ಕೆ ಪರದೆ, ರಂಗಸಜ್ಜಿಕೆ ಮಾಡಿದ. ಹಾಗಾಗಿ ವೋಲ್ಫ್‌ನ ಬೆಟ್ಟಗಳೂ ರಂಗಸಜ್ಜಿಕೆಯೇ ಎಂದು ನನ್ನ ಸಹಪಾಠಿಯ ವಾದ. ಇನ್ನೊಬ್ಬ ವೋಲ್ಫ್ ಸರ್ವೆಯವನಷ್ಟು ಕರಾರುವಾಕ್ಕು. ಅವನ ಚಿತ್ರಗಳನ್ನು ಇಟ್ಟುಕೊಂಡು ವಿಜ್ಞಾನಿಗಳು ಆಗಿನ ಹಿಮನದಿ ಎಲ್ಲಿಯವರೆಗೆ ಇತ್ತು ಎಂದು ಲೆಕ್ಕ ಹಾಕುತ್ತಾರೆ.

ಇವೆರಡೂ ಒಟ್ಟಿಗೆ ನಿಜವಾಗುವುದು ಹೇಗೆ? ಸೆಪ್ಟೆಂಬರ್ ಎರಡನೇ ವಾರದಲ್ಲಿ ಎರಡು ದಿನ ಬಿಡುವಿದೆ. ಎಲ್ಲಿಗೆ ಹೋಗಿ ಏನು ನೋಡಬೇಕು ಅಂತ ತಿಳಿದವರು ಹೇಳಿದರೆ ದೊಡ್ಡ ಉಪಕಾರ.

ಕಲ್ಲುಪದರ:

ಹೊಳೆಸಾಲು ಅವರೇ, ನಾನು ಕಲೆ ಓದಿದವನಲ್ಲ. ರಸ್ತೆಗಳ ಮೇಲೆ ಬಂಡೆ ಉರುಳದಂತೆ ಉಕ್ಕಿನ ಬಲೆ ಹಾಕುವ ಕೆಲಸದಲ್ಲಿ ಎಂಜಿನಿಯರ್. ಹದಿನಾಲ್ಕು ವರ್ಷದಿಂದ ಊರಿ ಮತ್ತು ಬರ್ನ್ ಎಂಬ ಸ್ವಿಸ್ ಪ್ರಾಂತ್ಯಗಳ (ಕ್ಯಾಂಟನ್) ಕಣಿವೆಗಳಲ್ಲೇ ಇದ್ದೇನೆ. ವೋಲ್ಫ್ ನನಗೆ ಸಿಕ್ಕಿದ್ದು ಮ್ಯೂಸಿಯಂನಲ್ಲಲ್ಲ, ಶೊಲ್ಲೆನೆನ್ ಕಮರಿಯಲ್ಲಿ ಕೆಲಸ ನಡೆಯುತ್ತಿದ್ದಾಗ ನಮ್ಮ ಸೈಟ್ ಕಂಟೇನರ್‌ನಲ್ಲಿ. ಜೊತೆಗಾರನೊಬ್ಬ ದೆವ್ವದ ಸೇತುವೆಯ ಚಿತ್ರದ ಪೋಸ್ಟ್‌ಕಾರ್ಡನ್ನು ಕಾಫಿ ಯಂತ್ರದ ಮೇಲೆ ಅಂಟಿಸಿದ್ದ. 1777ರ ಚಿತ್ರ. ಕೆಳಗಿನಿಂದ ಕತ್ತೆತ್ತಿ ನೋಡಿದ ಹಾಗೆ ಬರೆದದ್ದು. ಎರಡು ಕಡೆ ಗ್ರಾನೈಟ್ ಗೋಡೆ, ನಡುವೆ ಒಂದು ಕಮಾನು, ಕೆಳಗೆ ರೋಯ್ಸ್ ನದಿಯ ನೊರೆ.

ಮೊದಲು ನೋಡಿದಾಗ ನನಗೂ ನಾಟಕದ ಪರದೆ ಅಂತಲೇ ಅನ್ನಿಸಿತು. ಅಷ್ಟು ಎತ್ತರ, ಅಷ್ಟು ಕಿರಿದು ಇರಲು ಸಾಧ್ಯವೇ ಅಂದುಕೊಂಡೆ. ಆಮೇಲೆ ಕಾಫಿ ತುಂಬುವಷ್ಟು ಹೊತ್ತು ದಿನಕ್ಕೆ ನಾಲ್ಕು ಸಲ ಅದನ್ನೇ ನೋಡುತ್ತಾ ನೋಡುತ್ತಾ ಬಂಡೆಯ ಬಿರುಕುಗಳು ಕಣ್ಣಿಗೆ ಬಿದ್ದವು. ನನ್ನ ಹೊಟ್ಟೆಪಾಡು ಬಿರುಕಿನದು. ಗ್ರಾನೈಟ್ ಎಲ್ಲೆಂದರಲ್ಲಿ ಒಡೆಯುವುದಿಲ್ಲ. ಅದರ ಬಿರುಕುಗಳಿಗೆ ದಿಕ್ಕಿದೆ. ಒಂದು ಸಾಲು ಕಡಿದಾಗಿ ಇಳಿಯುತ್ತದೆ, ಇನ್ನೊಂದು ಅದನ್ನು ಅಡ್ಡ ಕತ್ತರಿಸುತ್ತದೆ, ಆ ಎರಡೂ ಸೇರಿದಲ್ಲಿ ಬಂಡೆ ಚಪ್ಪಡಿಯಾಗಿ ಕಳಚುತ್ತದೆ. ಕಲ್ಪನೆಯಿಂದ ಬೆಟ್ಟ ಬರೆಯುವವರು ಈ ಜಾಗದಲ್ಲೇ ಸಿಕ್ಕಿಬೀಳುತ್ತಾರೆ, ಬಂಡೆಯನ್ನು ಸುಕ್ಕುಗಟ್ಟಿದ ಬಟ್ಟೆಯ ಹಾಗೆ ಬರೆದುಬಿಡುತ್ತಾರೆ. ವೋಲ್ಫ್ ಬರೆದ ಗೋಡೆಗೆ ಬಂಡೆಯನ್ನು ಹಿಡಿದಿಡುವ ಉಕ್ಕಿನ ಸರಳು (ಆಂಕರ್) ಎಲ್ಲಿ ಕೊರೆಯಬೇಕು ಎಂದು ನಾನು ಬೆರಳಿಟ್ಟು ತೋರಿಸಬಲ್ಲೆ. ಕಲ್ಲನ್ನು ಕಲ್ಲಾಗಿ ನೋಡಿದವನ ಕೆಲಸ ಅದು.

ಅಂದಹಾಗೆ ಆ ಸೇತುವೆ ಈಗಿಲ್ಲ. 1595ರ ಕಲ್ಲಿನ ಸೇತುವೆ, 1888ರಲ್ಲಿ ಕುಸಿದು ರೋಯ್ಸ್ ಪಾಲಾಯಿತು. ಈಗ ಅಲ್ಲಿ ನಡೆದುಹೋಗಲು ಸಿಗುವುದು 1830ರದ್ದು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಬ್ಬರು ವೋಲ್ಫ್‌ಗಳಿಲ್ಲ. ಒಬ್ಬನೇ. ಅವನ ಬದುಕಿನ ದಾರಿ ನೋಡಿದರೆ ಅದು ಗೊತ್ತಾಗುತ್ತದೆ.

ಹುಟ್ಟಿದ್ದು 1735ರಲ್ಲಿ, ಆರ್ಗೌ ಸೀಮೆಯ ಮುರಿಯಲ್ಲಿ. ಅಲ್ಲಿ 1027ರಲ್ಲಿ ಸ್ಥಾಪನೆಯಾದ ದೊಡ್ಡ ಬೆನೆಡಿಕ್ಟೈನ್ ಮಠ ಇದೆ. ಕಾನ್‌ಸ್ಟಾನ್ಸ್‌ನಲ್ಲಿ ಬಿಷಪ್ಪನ ಆಸ್ಥಾನ ಚಿತ್ರಕಾರನ ಹತ್ತಿರ ಕಲಿತ. ಆಮೇಲೆ ಆಗ್ಸ್‌ಬುರ್ಗ್, ಮ್ಯೂನಿಕ್, ಪಾಸೌ ಎಂದು ದಕ್ಷಿಣ ಜರ್ಮನಿಯೆಲ್ಲ ಕೆಲಸ ಹುಡುಕಿಕೊಂಡು ಸುತ್ತಿದ. 1760ರಲ್ಲಿ ಊರಿಗೆ ವಾಪಸು. ಊರಲ್ಲಿ ಸಿಕ್ಕ ಕೆಲಸ ಯಾವುದು? ಮಠದವರಿಗೆ ದೇವರ ಚಿತ್ರ, ಒಲೆಯ ಹೆಂಚಿಗೆ ಬಣ್ಣ, ಗೋಡೆಗೆ ಹಾಸುವ ಬಟ್ಟೆಯ ಮೇಲೆ ಚಿತ್ರ. ಮುರಿ ಮಠದವರು ಬೇಸಿಗೆಗೆ ಹೋಗಿ ಇರುತ್ತಿದ್ದ ಹೋರ್ಬನ್ ಎಂಬ ಮನೆ ಲಿಂಡೆನ್‌ಬೆರ್ಗ್ ಗುಡ್ಡದ ಮೇಲಿದೆ. ಅಲ್ಲಿನ ಕೋಣೆಗಳ ಗೋಡೆಗೆ ಇವನೇ ಬರೆದದ್ದು.

ಇದನ್ನು ಸಣ್ಣ ಕೆಲಸ ಎಂದು ಪುಸ್ತಕಗಳು ಎರಡು ಸಾಲಿನಲ್ಲಿ ದಾಟಿಬಿಡುತ್ತವೆ. ನನಗೆ ಹಾಗನ್ನಿಸುವುದಿಲ್ಲ. ಕೋಣೆಯಲ್ಲಿ ಕೂತವನಿಗೆ ಗೋಡೆ ಇಲ್ಲ, ಆಚೆ ಬಯಲಿದೆ ಅನ್ನಿಸುವ ಹಾಗೆ ಮಾಡುವುದು ಅವನಿಗೆ ಹತ್ತು ವರ್ಷದ ಅಭ್ಯಾಸ. 1769ರಿಂದ 71ರವರೆಗೆ ಪ್ಯಾರಿಸ್‌ನಲ್ಲಿ ಬಿರುಗಾಳಿ, ಬೆಳಕು, ಮೋಡ ಬರೆಯುವುದನ್ನು ಲೂಥರ್‌ಬೂರ್ಗ್ ಹತ್ತಿರ ಕಲಿತ. ಈ ಎರಡೂ ಕೈಯಲ್ಲಿದ್ದಾಗಲೇ, ನಲವತ್ತರ ಹತ್ತಿರ ಬಂದವನನ್ನು ಬರ್ನ್‌ನ ಪ್ರಕಾಶಕ ಅಬ್ರಹಾಂ ವಾಗ್ನರ್ ಕರೆದ. ಸ್ವಿಸ್ ಬೆಟ್ಟಗಳ ಸುಮಾರು 200 ಚಿತ್ರ ಬೇಕು, ಅದರಿಂದ ತಾಮ್ರದ ಅಚ್ಚು ತೆಗೆದು ಮಾರಬೇಕು ಅನ್ನುವುದು ಯೋಜನೆ.

ಬೆಟ್ಟಕ್ಕೆ ಹೊರಟಾಗ ಜೊತೆಗೆ ವಾಗ್ನರ್ ತಾನೂ ಬಂದ, ಪಾದ್ರಿ ಯಾಕೋಬ್ ಸಾಮ್ಯುಯೆಲ್ ವಿಟ್ಟೆನ್‌ಬಾಖ್ ಕೂಡ ಬಂದ. ಈ ಪಾದ್ರಿ ಗಿಡ, ಕಲ್ಲು, ಹಿಮನದಿ ಎಲ್ಲದರ ಹುಚ್ಚು ಹತ್ತಿಸಿಕೊಂಡಿದ್ದವನು. ಅಂದರೆ ವೋಲ್ಫ್ ಪಕ್ಕದಲ್ಲೇ ನಿಂತು "ಇದು ಯಾವ ಕಲ್ಲು, ಇದು ಯಾಕೆ ಹೀಗೆ ಬಿದ್ದಿದೆ" ಎಂದು ಹೇಳುವವನೊಬ್ಬ ಇದ್ದ. ನೀವು ಹೇಳಿದ ಸರ್ವೆಯವನ ಕಣ್ಣು ಬಂದದ್ದು ಆ ಸಹವಾಸದಿಂದ ಎಂದು ನನ್ನ ನಂಬಿಕೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ವೋಲ್ಫ್ ಸ್ಥಳದಲ್ಲೇ ಎಣ್ಣೆಬಣ್ಣದಲ್ಲಿ ಸಣ್ಣ ಅಭ್ಯಾಸಚಿತ್ರ ಮಾಡುತ್ತಿದ್ದ. ಚಳಿಗಾಲದಲ್ಲಿ ಮನೆಯಲ್ಲಿ ಕೂತು ದೊಡ್ಡ ಕ್ಯಾನ್ವಾಸ್ ಮುಗಿಸುತ್ತಿದ್ದ. ಅಲ್ಲಿಗೆ ನಿಲ್ಲಿಸಲಿಲ್ಲ. ಮುಗಿದ ಚಿತ್ರವನ್ನು ಮತ್ತೆ ಬೆಟ್ಟಕ್ಕೆ ಹೊತ್ತುಕೊಂಡು ಹೋಗಿ, ಅದೇ ಜಾಗದಲ್ಲಿ ನಿಂತು, ಎದುರಿಗಿನದಕ್ಕೆ ಹೋಲಿಸಿ ತಿದ್ದುತ್ತಿದ್ದ.

ಈ ಮಾಲೆಯ ಚಿತ್ರಗಳು ಹೆಚ್ಚುಕಡಿಮೆ ಒಂದೇ ಅಳತೆ, ಸುಮಾರು 54 ಸೆಂ.ಮೀ.ಗೆ 82 ಸೆಂ.ಮೀ. ಅಷ್ಟಗಲದ ಪ್ಲೈವುಡ್ ತುಂಡೊಂದನ್ನು ಗ್ರಿಮ್ಸೆಲ್ ಎಂಬ ಬೆಟ್ಟದ ಕಣಿವೆದಾರಿಯ ಗಾಳಿಯಲ್ಲಿ ಬೆನ್ನಿಗೆ ಕಟ್ಟಿಕೊಂಡು ನಾನು ನಡೆದಿದ್ದೇನೆ, ಅಳತೆ ಫಲಕ ನೆಡುವುದಕ್ಕೆ. ಗಾಳಿ ಅದನ್ನು ಹಾಯಿಯ ಹಾಗೆ ಹಿಡಿದು ಎಳೆಯುತ್ತದೆ. ಎರಡು ಸಲ ಮಂಡಿಯೂರಿದೆ. ವೋಲ್ಫ್ ಬೆನ್ನ ಮೇಲಿದ್ದದ್ದು ಬರೆದು ಮುಗಿಸಿದ ಚಿತ್ರ. ಒಂದು ಗೀರು ಬಿದ್ದರೆ ಒಂದು ಚಳಿಗಾಲದ ದುಡಿಮೆ ಹೋಯಿತು. ಆದರೂ ಹೊತ್ತ. ಬರೇ ಭವ್ಯ ಪರದೆ ಬೇಕಿದ್ದವನಿಗೆ ಈ ಕಷ್ಟ ಯಾಕೆ ಬೇಕಿತ್ತು, ನಿಮ್ಮ ಸಹಪಾಠಿಯನ್ನು ಕೇಳಿ.

ತಾಮ್ರಪಟ:

ಕಲ್ಲುಪದರ ಸರ್, ಓದಿ ಮೈ ಜುಂ ಅಂದಿತು. ಆದರೆ ಒಂದು ಕಡೆ ನನ್ನ ತಕರಾರಿದೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಎಚಿಂಗ್ ಮಾಡುತ್ತೇನೆ, ಅಂದರೆ ತಾಮ್ರದ ಫಲಕದಲ್ಲಿ ಆಮ್ಲದಿಂದ ಗೆರೆ ಕೊರೆದು ಚಿತ್ರ ಅಚ್ಚು ಹಾಕುವ ಕೆಲಸ. ವೋಲ್ಫ್‌ನ ಚಿತ್ರಗಳಲ್ಲಿ ಮನುಷ್ಯರನ್ನು ಗಮನಿಸಿ. ಎಷ್ಟೋ ಕಡೆ ಇರಬೇಕಾದ್ದಕ್ಕಿಂತ ಚಿಕ್ಕವರು. ಮನುಷ್ಯನನ್ನು ಒಂದು ಬೆರಳು ಕುಗ್ಗಿಸಿದರೆ ಬೆಟ್ಟ ನೂರು ಮೀಟರ್ ಏರುತ್ತದೆ. ಇದು ಕೈಚಳಕ, ನೋಡಿ ಬರೆದದ್ದಲ್ಲ. ವೆಲ್ಶೆನ್‌ರೋರ್ ಹತ್ತಿರದ ಕರಡಿ ಗುಹೆಯ ಚಿತ್ರ ನೋಡಿ, 1778ರದ್ದು, ಸೋಲೋಥುರ್ನ್ ಮ್ಯೂಸಿಯಂನಲ್ಲಿದೆ. ಗುಹೆಯ ಒಳಗೆ ನಿಂತು ಹೊರಕ್ಕೆ ನೋಡುತ್ತೇವೆ. ಕತ್ತಲೆಯ ಚೌಕಟ್ಟು, ನಡುವೆ ಬೆಳಕಿನ ಕಿಂಡಿ. ಅಲ್ಲಿ ಬೆಳಕು ಹರಿಯುವ ರೀತಿ ಪೂರ್ತಿ ರಂಗಭೂಮಿಯದು, ಮತ್ತು ಅದು ಅದ್ಭುತ. ಅವನನ್ನು ಬರೇ ಕರಾರುವಾಕ್ಕಿನವನನ್ನಾಗಿ ಮಾಡಿದರೆ ಈ ಅರ್ಧ ಕೈತಪ್ಪಿಹೋಗುತ್ತದೆ. ಹೊಳೆಸಾಲು ಅವರ ಸಹಪಾಠಿ ಅರ್ಧ ಸರಿ.

ಇನ್ನು ಅಚ್ಚಿನ ಕಥೆ, ಯಾಕೆಂದರೆ ವೋಲ್ಫ್‌ನ ಬದುಕು ಮುರಿದುಬಿದ್ದದ್ದು ಅಲ್ಲೇ. ವಾಗ್ನರ್ 1777ರಲ್ಲಿ ಮೊದಲ ಹತ್ತು ಫಲಕಗಳನ್ನು ಹೊರತಂದ. ಮುನ್ನುಡಿ ಬರೆದವರು ಆಲ್ಬ್ರೆಖ್ಟ್ ಫಾನ್ ಹಾಲರ್, ಎಳೆಯ ವಯಸ್ಸಿನಲ್ಲೇ ಆಲ್ಪ್ಸ್ ಮೇಲೆ ಕವಿತೆ ಬರೆದು ಹೆಸರಾದ ವೈದ್ಯ. ಅದೇ ವರ್ಷ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ವಿವರಣೆ ವಿಟ್ಟೆನ್‌ಬಾಖ್‌ನದು. ಇಷ್ಟು ದೊಡ್ಡ ಹೆಸರುಗಳಿದ್ದೂ ಯೋಜನೆ ಅಂದುಕೊಂಡಂತೆ ಕುದುರಲಿಲ್ಲ.

ಬರ್ನ್‌ನಲ್ಲಿ ಆಗ ಚಾಲ್ತಿಯಲ್ಲಿದ್ದದ್ದು ಯೋಹಾನ್ ಲುಡ್ವಿಗ್ ಆಬೆರ್ಲಿಯ ಪದ್ಧತಿ. ತಾಮ್ರದಲ್ಲಿ ತೆಳುವಾದ ಹೊರಗೆರೆ ಮಾತ್ರ, ಅದರೊಳಗೆ ಕೈಯಿಂದ ನೀರುಬಣ್ಣ. ಕೆರೆ, ದನ, ತಿಳಿ ಆಕಾಶಕ್ಕೆ ಅದು ಹೇಳಿಮಾಡಿಸಿದ ಪದ್ಧತಿ. ಪ್ರವಾಸಿಗರು ಅದನ್ನೇ ಕೊಂಡು ಮನೆಗೆ ಒಯ್ಯುತ್ತಿದ್ದರು. ವೋಲ್ಫ್‌ನ ಗುಹೆಯ ಕತ್ತಲೆಯನ್ನು, ಮಂಜುಗಡ್ಡೆಯೊಳಗಿನ ಹಸಿರನ್ನು ಬರೇ ಹೊರಗೆರೆಯಲ್ಲಿ ಹಿಡಿಯುವುದು ಹೇಗೆ? ಆಗದು. ಮುಂದೆ ಪ್ಯಾರಿಸ್‌ನಲ್ಲಿ ಜಾನಿನೇ, ಡೆಕೂರ್ಟಿ ಎಂಬ ನಿಪುಣರು ಬಣ್ಣದ ಅಕ್ವಾಟಿಂಟ್‌ನಲ್ಲಿ ಅವನ್ನು ಮತ್ತೆ ಅಚ್ಚು ಹಾಕಿದರು. ಒಂದೊಂದು ಬಣ್ಣಕ್ಕೆ ಒಂದೊಂದು ತಾಮ್ರದ ಫಲಕ. ರಾಳದ ಪುಡಿ ಉದುರಿಸಿ, ಕಾಯಿಸಿ, ಆಮ್ಲಕ್ಕೆ ಇಳಿಸುತ್ತಾರೆ. ರಾಳದ ಕಣಗಳ ನಡುವೆ ಆಮ್ಲ ಕಚ್ಚಿದ ಕಡೆಯೆಲ್ಲ ಬಣ್ಣ ನಿಲ್ಲುತ್ತದೆ. ಈ ಪದ್ಧತಿಯಲ್ಲಿ ನಾನೊಮ್ಮೆ ಹಿಮನದಿಯೊಂದನ್ನು ಪ್ರಯತ್ನಿಸಿದೆ. ಮೂರನೇ ಫಲಕ ಅರ್ಧ ಮಿಲಿಮೀಟರ್ ಸರಿದಿತ್ತು, ಅಷ್ಟೇ. ಮಂಜುಗಡ್ಡೆಯ ಅಂಚಿನುದ್ದಕ್ಕೂ ಹುಣ್ಣಿನ ಹಾಗೆ ಕೆಂಪು ಗೆರೆ. ಹದಿನೆಂಟು ಹಾಳೆ ಹಾಳಾದವು. ಪ್ಯಾರಿಸ್‌ನ ಆ ಇಬ್ಬರು ಸರಿಯಾಗಿ ಕೂರಿಸಿದ ಹಾಳೆಗಳನ್ನು ನೋಡಿದರೆ ಕೈಮುಗಿಯುವ ಹಾಗಾಗುತ್ತದೆ.

ಆದರೆ ಅಷ್ಟರಲ್ಲಿ ವೋಲ್ಫ್ ದೂರವಾಗಿದ್ದ. 1777ರಲ್ಲಿ ಬರ್ನ್ ಬಿಟ್ಟು ಸೋಲೋಥುರ್ನ್‌ಗೆ ಹೋದ, ಅಲ್ಲಿಂದ ರೈನ್ ನದಿಯ ಊರುಗಳ ಕಡೆ. 1783ರಲ್ಲಿ ಹೈಡೆಲ್‌ಬೆರ್ಗ್‌ನಲ್ಲಿ ಸತ್ತಾಗ ಅವನಿಗೆ 48 ವಯಸ್ಸು. ಆಮೇಲೆ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚಿನವರಿಗೆ ಅವನ ಹೆಸರೇ ಮರೆತುಹೋಗಿತ್ತು. ನನಗೆ ಇದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಕಲ್ಲುಪದರ:

ತಾಮ್ರಪಟ ಅವರೇ, ಬೇಸರ ಯಾಕೆ? ಮನುಷ್ಯರ ಅಳತೆಯ ಬಗ್ಗೆ ನೀವು ಹೇಳಿದ್ದು ಸರಿ. ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಬಂಡೆ ನೋಡುವ ಭರದಲ್ಲಿ ಮನುಷ್ಯರನ್ನು ಬಿಟ್ಟುಬಿಟ್ಟೆ.

ಆದರೆ ಲೌಟರ್‌ಆರ್ ಹಿಮನದಿಯ ಚಿತ್ರದ ವಿಷಯದಲ್ಲಿ ನಾನು ಬಿಟ್ಟುಕೊಡುವುದಿಲ್ಲ. 1776ರದ್ದು, ಬಾಸೆಲ್‌ನ ಕಲಾ ಮ್ಯೂಸಿಯಂ ಕುನ್‌ಸ್ಟ್‌ಮ್ಯೂಸಿಯಂನಲ್ಲಿದೆ. ಮುಂಭಾಗದಲ್ಲಿ ದೊಡ್ಡ ಬಂಡೆ, ಚಿಕ್ಕ ಚಿಕ್ಕ ಮನುಷ್ಯರು, ಹಿಂದಕ್ಕೆ ಹಿಮನದಿ ಹರಡಿಕೊಂಡಿದೆ. ಮಂಜುಗಡ್ಡೆಯ ಮೇಲೆ ಅಂಥ ಬಂಡೆ ಹೇಗೆ ಬಂತು ಎಂದು ಆಗಿನವರಿಗೆ ಸರಿಯಾಗಿ ತಿಳಿದಿರಲಿಲ್ಲ. ಲೌಟರ್‌ಆರ್ ಮತ್ತು ಫಿನ್‌ಸ್ಟರ್‌ಆರ್ ಎರಡೂ ಸೇರಿ ಉಂಟರ್‌ಆರ್ ಹಿಮನದಿಯಾಗುತ್ತದೆ. ಸೇರಿದ ಜಾಗದಿಂದ ನಡುವೆ ಉದ್ದಕ್ಕೂ ಕಲ್ಲಿನ ಸಾಲು. 1840ರಲ್ಲಿ ಅಗಾಸಿ ಎಂಬ ವಿಜ್ಞಾನಿ ಆ ಸಾಲಿನ ಮೇಲಿದ್ದ ದೊಡ್ಡ ಬಂಡೆಯೊಂದರ ಅಡಿಯಲ್ಲೇ ಬಿಡಾರ ಹೂಡಿ ಹಿಮನದಿಯ ನಡಿಗೆ ಅಳೆದ. ಅದಕ್ಕೂ ಅರವತ್ತನಾಲ್ಕು ವರ್ಷ ಮೊದಲು ವೋಲ್ಫ್ ಅದೇ ಆಸುಪಾಸಿನಲ್ಲಿ ಕೂತು, ವಿವರಣೆ ಗೊತ್ತಿಲ್ಲದೆ, ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟ. ಕಾರಣ ಗೊತ್ತಿಲ್ಲದ ವಸ್ತುವನ್ನು ಸರಿಯಾಗಿ ಬರೆಯುವುದು ಬಹಳ ಕಷ್ಟ. ನನ್ನ ಕೈಕೆಳಗೆ ಬರುವ ಹೊಸ ಹುಡುಗರಿಗೆ ಸ್ಕೆಚ್ ಮಾಡಲು ಹೇಳಿದರೆ ತಮಗೆ ಅರ್ಥವಾಗದ ಭಾಗವನ್ನೇ ಮೊದಲು ಬಿಟ್ಟುಬಿಡುತ್ತಾರೆ.

ಹೊಳೆಸಾಲು ಅವರೇ, ನಿಮ್ಮ ಎರಡು ದಿನಕ್ಕೆ ನನ್ನ ಸಲಹೆ ಇದು.

ಮೊದಲ ದಿನ ಆರೌ. ಅಲ್ಲಿನ ಆರ್ಗೌವರ್ ಕುನ್‌ಸ್ಟ್‌ಹೌಸ್ ಎಂಬ ಕಲಾ ಮ್ಯೂಸಿಯಂನಲ್ಲಿ ವೋಲ್ಫ್‌ನ ಅತಿ ದೊಡ್ಡ ಸಂಗ್ರಹವಿದೆ. ನಿಮ್ಮ ಸಿಡಿಲಿನ ಚಿತ್ರವೂ ಅಲ್ಲಿಯದೇ, ನಮ್ಮ ಸೇತುವೆಯೂ ಅಲ್ಲಿಯದೇ. ಸೋಮವಾರ ರಜೆ. ಎಲ್ಲ ಚಿತ್ರಗಳೂ ಯಾವಾಗಲೂ ಗೋಡೆಯ ಮೇಲಿರುವುದಿಲ್ಲ, ಸೆಮಿನಾರ್ ಪ್ರಬಂಧಕ್ಕೆ ಎಂದು ಹೇಳಿ ಮೊದಲೇ ಪತ್ರ ಬರೆಯಿರಿ. ಸಮಯ ಉಳಿದರೆ ಲೆನ್ಸ್‌ಬುರ್ಗ್ ದಾಟಿ ಮುರಿಗೆ ಹೋಗಿ, ಮಠದಲ್ಲೇ ವೋಲ್ಫ್ ಮ್ಯೂಸಿಯಂ ಇದೆ.

ಎರಡನೇ ದಿನ ಗ್ಲೆಚ್. ಆರೌನಲ್ಲಿ ನೋಡಬೇಕಾದ ಇನ್ನೊಂದು ಚಿತ್ರ ರೋನ್ ಹಿಮನದಿಯದು, 1778ರದ್ದು, ಗ್ಲೆಚ್‌ನ ಕಣಿವೆಯ ತಳದಿಂದ ಬರೆದದ್ದು. ಮಂಜುಗಡ್ಡೆ ಬೀಸಣಿಗೆಯ ಹಾಗೆ ಹರಡಿ ಕಣಿವೆಯ ತಳಕ್ಕೇ ಬಂದು ಕೂತಿದೆ. ಜ್ಯೂರಿಕ್‌ನಿಂದ ಗ್ಯೋಶೆನೆನ್‌ಗೆ ರೈಲು, ಅಲ್ಲಿಂದ ಆಂಡೆರ್‌ಮಾಟ್‌ಗೆ ಹಲ್ಲುಹಳಿಯ ಪುಟ್ಟ ರೈಲು. ಅದು ಶೊಲ್ಲೆನೆನ್ ಕಮರಿಯನ್ನೇ ಹತ್ತುತ್ತದೆ, ಕಿಟಕಿಯ ಬಳಿ ಕೂರಿ, ಸೇತುವೆ ಕಾಣುವುದು ಕೆಲವೇ ಕ್ಷಣ. ಆಂಡೆರ್‌ಮಾಟ್‌ನಿಂದ ಹಳದಿ ಪೋಸ್ಟ್ ಬಸ್ 2,429 ಮೀಟರ್ ಎತ್ತರದ ಫುರ್ಕಾ ಕಣಿವೆದಾರಿ ದಾಟಿ ಗ್ಲೆಚ್‌ಗೆ ಇಳಿಯುತ್ತದೆ. ಈ ದಾರಿ ತೆರೆದಿರುವುದು ಬೇಸಿಗೆಯಲ್ಲಿ ಮಾತ್ರ.

ನಾನು ಮೊದಲ ಸಲ ಹೋದಾಗ ಫೋನಿನಲ್ಲಿ ಚಿತ್ರ ಹಿಡಿದು ಒಂದು ಗಂಟೆ ತಪ್ಪು ಜಾಗದಲ್ಲಿ ನಿಂತಿದ್ದೆ. ಮಂಜುಗಡ್ಡೆ ಹುಡುಕುತ್ತಿದ್ದೆ, ಅದು ಅಲ್ಲಿಲ್ಲ. ಒಂದು ಕಿಲೋಮೀಟರಿಗೂ ಹೆಚ್ಚು ಹಿಂದಕ್ಕೆ ಸರಿದು ಮೇಲಿನ ಬಂಡೆಯ ಮೆಟ್ಟಿಲಿನ ಆಚೆಗೆ ಹೋಗಿದೆ. ಬೇಸಿಗೆಯಲ್ಲಿ ಅದರ ಅಂಚಿಗೆ ಬಿಳಿ ಬಟ್ಟೆ ಹೊದಿಸುತ್ತಾರೆ, ಕರಗುವುದು ತಡವಾಗಲಿ ಅಂತ. ಆಮೇಲೆ ಮಂಜುಗಡ್ಡೆ ಬಿಟ್ಟು ಬೆಟ್ಟದ ಸಾಲನ್ನು ಹೊಂದಿಸಿ ನೋಡಿದೆ. ಐವತ್ತು ಹೆಜ್ಜೆ ಎಡಕ್ಕೆ ಸರಿದದ್ದೇ ತಡ, ಎಲ್ಲವೂ ತನ್ನ ಜಾಗದಲ್ಲಿ ಕೂತುಬಿಟ್ಟಿತು.

ಹೊಳೆಸಾಲು:

ಹೋಗಿ ಬಂದೆ. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಆರೌನಲ್ಲಿ ಸಿಡಿಲಿನ ಚಿತ್ರದ ಮುಂದೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ, ಕಾವಲಿನ ಅಮ್ಮ ಒಂದು ಮಡಚುವ ಕುರ್ಚಿ ತಂದುಕೊಟ್ಟರು. ಪುಸ್ತಕದಲ್ಲಿ ಮಂಜುಗಡ್ಡೆ ಬರೇ ಬೆಳ್ಳಗಿತ್ತು. ಎದುರಿಗೆ ನಿಂತರೆ ಬೂದು, ಹಸಿರು, ಕೆಲವು ಕಡೆ ಕೊಳೆ ಹಿಡಿದ ಕಂದು. ನಿಜವಾದ ಮಂಜುಗಡ್ಡೆಗೆ ಮಣ್ಣು ಮೆತ್ತಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ರಂಗಸಜ್ಜಿಕೆಯ ಬೆಳಕನ್ನು ತಂದು ಆ ಮಣ್ಣಿನ ಮೇಲೆ ಬೀಳಿಸಿದ್ದಾನೆ. ತಾಮ್ರಪಟ ಅವರ ಮಾತೂ ಕಲ್ಲುಪದರ ಸರ್ ಅವರ ಮಾತೂ ಆ ಒಂದು ಕಂದು ಗೆರೆಯಲ್ಲಿ ನನಗೆ ಸೇರಿಕೊಂಡವು. ಪ್ರಬಂಧವನ್ನು ಅಲ್ಲಿಂದಲೇ ಶುರು ಮಾಡಿದ್ದೇನೆ.

ಗ್ಲೆಚ್‌ನಲ್ಲಿ ಫೋನ್ ತೆಗೆಯದೆ ಪೆನ್ಸಿಲ್ ಹಿಡಿದು ಕೂತೆ. ಮಂಜುಗಡ್ಡೆ ಇದ್ದ ಕಡೆ ಈಗ ಜಲ್ಲಿಯ ಬಯಲು, ನಡುವೆ ಎಳೆಎಳೆಯಾಗಿ ಹರಿಯುವ ನೀರು. ಬಂಡೆಯ ಮೆಟ್ಟಿಲು ನುಣ್ಣಗೆ ತಿಕ್ಕಿದ ಹಾಗೆ ಹೊಳೆಯುತ್ತಿತ್ತು. ಎಡಗಡೆಯ ಬೆಟ್ಟದ ಅಂಚು ಮುಗಿಯುವಷ್ಟರಲ್ಲಿ ಮೋಡ ಇಳಿದು ಬಲಗಡೆ ಪೂರ್ತಿ ಅಳಿಸಿತು. ನಲವತ್ತು ನಿಮಿಷಕ್ಕೆ ಬೆರಳು ಮರಗಟ್ಟಿದವು. ಸರ್, ಲೌಟರ್‌ಆರ್ ಚಿತ್ರದ ಜಾಗ ನೀವು ಕಂಡಿದ್ದೀರಾ?

ಕಲ್ಲುಪದರ:

ಮಣ್ಣಿನ ಗೆರೆ! ಅದನ್ನು ನೋಡಿದಿರಲ್ಲ, ನನಗೆ ಬಹಳ ಸಂತೋಷವಾಯಿತು.

ಗ್ಲೆಚ್‌ಗೆ ಮತ್ತೆ ಹೋದರೆ ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ. 1874ರಲ್ಲಿ ಸರ್ವೆಯವರು ಆ ಹಿಮನದಿಗೆ ಅಡ್ಡಲಾಗಿ ಬಣ್ಣ ಬಳಿದ ಕಲ್ಲುಗಳನ್ನು ಸಾಲಾಗಿ ಇಟ್ಟರು. ಕಪ್ಪು, ಹಸಿರು, ಹಳದಿ, ಕೆಂಪು ಎಂದು ನಾಲ್ಕು ಸಾಲು. ವರ್ಷ ವರ್ಷವೂ ಸಾಲಿನ ನಡುಭಾಗ ಮುಂದಕ್ಕೆ ಬಾಗುತ್ತಾ ಹೋದದ್ದನ್ನು 1915ರವರೆಗೆ ಅಳೆದರು. ಅವರಿಗಿಂತ ಸುಮಾರು ನೂರು ವರ್ಷ ಮೊದಲೇ ಬಣ್ಣ ಹಿಡಿದು ಅಲ್ಲಿಗೆ ಬಂದಿದ್ದವನು ವೋಲ್ಫ್.

ಲೌಟರ್‌ಆರ್ ಜಾಗ ಇನ್ನೂ ಕಂಡಿಲ್ಲ. ಗ್ರಿಮ್ಸೆಲ್ ಹೋಸ್ಪಿಜ್ ಎಂಬ ಹೋಟೆಲ್‌ನಿಂದ ಕೆರೆಯ ದಂಡೆ ಹಿಡಿದು, ಚಾರಣಿಗರು ತಂಗಲು ಆಲ್ಪೈನ್ ಕ್ಲಬ್ ಕಟ್ಟಿಸಿದ ಲೌಟರ್‌ಆರ್ ಹಟ್ಟಿಗೆ ನಾಲ್ಕೈದು ಗಂಟೆ ನಡಿಗೆ. ಮಂಜುಗಡ್ಡೆ ತುಂಬ ಕೆಳಗಿಳಿದಿರುವುದರಿಂದ ಅವನು ನಿಂತ ಮಟ್ಟ ಈಗ ಗಾಳಿಯಲ್ಲಿದೆ, ಅಲ್ಲಿ ನಿಲ್ಲಲು ಆಗದು. ಹಟ್ಟಿಯ ಕಡೆಯ ಇಳಿಜಾರಿನಿಂದ ಹೊಂದಿಸಬಹುದೇನೋ. ಬರುವ ಜುಲೈನಲ್ಲಿ ಹೋಗುತ್ತಿದ್ದೇನೆ. ಚಿತ್ರವನ್ನು ಅದರ ಅಳತೆಗೇ, 82 ಸೆಂ.ಮೀ. ಅಗಲಕ್ಕೇ ಅಚ್ಚು ಹಾಕಿಸಿ ಹಲಗೆಗೆ ಅಂಟಿಸಿ ಹೊತ್ತೊಯ್ಯುತ್ತೇನೆ. ನೀವಿಬ್ಬರೂ ಬರುವುದಾದರೆ ಮೇ ಒಳಗೆ ತಿಳಿಸಿ, ಹಟ್ಟಿಯಲ್ಲಿ ಹಾಸಿಗೆ ಮೊದಲೇ ಹೇಳಿಡಬೇಕು. ಕೈಗವಸು ಮರೆಯಬೇಡಿ.